ಅಡುಗೆಮನೆಯಲ್ಲಿ ದೇವರ ಜತೆ: ಬ್ರದರ್ ಲಾರೆನ್ಸ್ ಕಂಡ ದಾರಿ

ಹದಿನೇಳನೇ ಶತಮಾನದ ಪ್ಯಾರಿಸ್. ವೋಜಿರಾರ್ ಬೀದಿಯ ಕಾರ್ಮೆಲೈಟ್ ಮಠದಲ್ಲಿ ಕುಂಟುಗಾಲಿನ ಒಬ್ಬ ಅಡುಗೆಯವನಿದ್ದ. ಹೆಚ್ಚು ಓದಿದವನಲ್ಲ, ಪಾದ್ರಿಯೂ ಅಲ್ಲ. ಅಡುಗೆ ಕೆಲಸವೆಂದರೆ ಅವನಿಗೆ ಸ್ವಭಾವತಃ ಆಗುತ್ತಲೇ ಇರಲಿಲ್ಲ. ಆದರೂ ಸುಮಾರು 15 ವರ್ಷ ಒಲೆಯ ಮುಂದೆಯೇ ಕಳೆದ. ಆತ ತೀರಿಕೊಂಡು ಮುನ್ನೂರು ವರ್ಷಗಳ ಮೇಲಾಯಿತು. ಅವನ ಮಾತುಗಳನ್ನೂ ಪತ್ರಗಳನ್ನೂ ಸೇರಿಸಿದ ಪುಟ್ಟ ಪುಸ್ತಕವನ್ನು ಮಾತ್ರ ಇಂದಿಗೂ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಇಬ್ಬರೂ ಓದುತ್ತಾರೆ.

ಬ್ರದರ್ ಲಾರೆನ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತ ಹೇಳಿದ್ದು ಒಂದೇ ಸಂಗತಿ. ದೇವರ ಮೇಲಿನ ಪ್ರೀತಿ ಮೊದಲು, ಉಳಿದದ್ದೆಲ್ಲ ಆಮೇಲೆ. ಕೇಳಲು ಸರಳವಾದ ಈ ಮಾತು ಕ್ರೈಸ್ತ ಚರಿತ್ರೆಯಲ್ಲಿ ಅಷ್ಟು ಸರಳವಾಗಿ ಉಳಿಯಲಿಲ್ಲ.

ಗುಲಾಮ, ಕೂಲಿಯಾಳು, ಮಗ

ಎಲ್ಲ ಆಜ್ಞೆಗಳಲ್ಲಿ ಯಾವುದು ದೊಡ್ಡದು ಎಂದು ಯೇಸುವನ್ನು ಧರ್ಮಶಾಸ್ತ್ರಿಯೊಬ್ಬ ಕೇಳಿದ ಪ್ರಸಂಗ ಸುವಾರ್ತೆಯಲ್ಲಿ ಬರುತ್ತದೆ. ಯೇಸು ಹೊಸ ಆಜ್ಞೆಯನ್ನೇನೂ ಹೇಳಲಿಲ್ಲ. ಯೆಹೂದ್ಯರ ಹಳೆಯ ಗ್ರಂಥಗಳಿಂದಲೇ ಎರಡನ್ನು ಆಯ್ದು ಕೊಟ್ಟ: ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು ಮೊದಲನೆಯದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎರಡನೆಯದು.

ಆದರೆ ಪ್ರೀತಿಯನ್ನು ಆಜ್ಞೆ ಮಾಡಲು ಬರುತ್ತದೆಯೇ? ನರಕದ ಭಯದಿಂದಲೋ ಸ್ವರ್ಗದ ಆಸೆಯಿಂದಲೋ ದೇವರಿಗೆ ನಡೆದುಕೊಂಡರೆ ಅದು ಪ್ರೀತಿಯೇ? ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೇರ್ವೊ ಮಠದ ಬರ್ನಾರ್ಡ್ ಇದಕ್ಕೆ ಸ್ಪಷ್ಟವಾದ ಹೋಲಿಕೆಯೊಂದನ್ನು ಕೊಟ್ಟಿದ್ದ. ಗುಲಾಮ ದುಡಿಯುವುದು ಭಯಕ್ಕೆ, ಕೂಲಿಯಾಳು ದುಡಿಯುವುದು ಸಂಬಳಕ್ಕೆ; ಮಗ ಮಾತ್ರ ತಂದೆಯ ಮೇಲಿನ ಪ್ರೀತಿಗೆ ದುಡಿಯುತ್ತಾನೆ. ಮೂವರ ಕೆಲಸವೂ ಹೊರಗಿನಿಂದ ಒಂದೇ ಥರ ಕಾಣಬಹುದು. ವ್ಯತ್ಯಾಸವಿರುವುದು ಒಳಗೆ. ಈ ವ್ಯತ್ಯಾಸವನ್ನು ಲಾರೆನ್ಸ್ ಪುಸ್ತಕದಿಂದ ಕಲಿತದ್ದಲ್ಲ, ತನ್ನ ಬದುಕಿನಿಂದ ಕಲಿತದ್ದು.

ಸೈನಿಕನಿಂದ ಸಂನ್ಯಾಸಿಗೆ

ಲಾರೆನ್ಸನ ಮೂಲ ಹೆಸರು ನಿಕೋಲಾ ಹೆರ್ಮಾನ್. ಹುಟ್ಟಿದ್ದು ಸುಮಾರು 1614ರಲ್ಲಿ, ಲೊರೇನ್ ಪ್ರಾಂತದ ಹಳ್ಳಿಯೊಂದರಲ್ಲಿ. ಹದಿನೆಂಟನೇ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆ ಉದುರಿ ಬೋಳಾಗಿ ನಿಂತಿದ್ದ ಒಂದು ಮರ ಅವನ ಕಣ್ಣಿಗೆ ಬಿತ್ತು. ಸ್ವಲ್ಪ ದಿನದಲ್ಲೇ ಇದು ಮತ್ತೆ ಚಿಗುರುತ್ತದೆ, ಹೂ ಹಣ್ಣು ಬಿಡುತ್ತದೆ ಎಂಬ ಯೋಚನೆ ಬಂದದ್ದೇ ದೇವರ ಕಾರುಣ್ಯ ಮನಸ್ಸಿಗೆ ನಾಟಿತಂತೆ. ಆ ಗಳಿಗೆಯನ್ನು ಆತ ಜೀವನಪರ್ಯಂತ ನೆನೆಯುತ್ತಿದ್ದ.

ಆಗ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ (1618–1648) ನಡೆಯುತ್ತಿತ್ತು. ಸೈನ್ಯ ಸೇರಿದ ನಿಕೋಲಾ ಒಮ್ಮೆ ಗೂಢಚಾರನೆಂಬ ಅನುಮಾನಕ್ಕೆ ಗುರಿಯಾಗಿ ಸೆರೆ ಸಿಕ್ಕ, ಮತ್ತೊಮ್ಮೆ ಗಾಯಗೊಂಡು ಕುಂಟನಾದ. ನಂತರ ಪ್ಯಾರಿಸ್ಸಿನಲ್ಲಿ ಶ್ರೀಮಂತರೊಬ್ಬರ ಮನೆಯ ಸೇವಕನಾದ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕುವ ಒಡ್ಡ ತಾನು ಎಂದು ಆತನೇ ಹೇಳಿಕೊಂಡಿದ್ದಾನೆ. 1640ರಲ್ಲಿ ಕಾರ್ಮೆಲೈಟ್ ಮಠ ಸೇರಿದಾಗ ಪಾದ್ರಿಯಾಗುವಷ್ಟು ವಿದ್ಯೆ ಇರಲಿಲ್ಲವಾದ್ದರಿಂದ ಮೈಮುರಿದು ದುಡಿಯುವ ‘ಬ್ರದರ್’ ಆಗಿಯೇ ಉಳಿದ.

ಹೋದರೆ ಹೋಗಲಿ

ಮಠದಲ್ಲಿ ಮೊದಲ ಹತ್ತು ವರ್ಷ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಹಳೆಯ ಪಾಪಗಳ ನೆನಪು ಬಿಡದೆ ಕಾಡಿತು. ಸುಮಾರು ನಾಲ್ಕು ವರ್ಷ, ತಾನು ನರಕಕ್ಕೆ ಹೋಗುವುದು ಖಚಿತ ಎಂದೇ ಆತ ನಂಬಿದ್ದ. ಯಾರ ಸಮಾಧಾನವೂ ಫಲ ಕೊಡಲಿಲ್ಲ.

ಅದರಿಂದ ಆತ ಹೊರಬಂದ ಬಗೆ ವಿಚಿತ್ರವಾದದ್ದು. ತನಗೆ ಮೋಕ್ಷ ಸಿಗುತ್ತದೆ ಎಂಬ ಭರವಸೆ ಸಿಕ್ಕಿ ಹೊರಬಂದದ್ದಲ್ಲ. ತಾನು ಮಠಕ್ಕೆ ಬಂದದ್ದು ದೇವರ ಮೇಲಿನ ಪ್ರೀತಿಯಿಂದ. ನರಕವೋ ಸ್ವರ್ಗವೋ ಏನಾದರಾಗಲಿ, ಬದುಕಿರುವಷ್ಟು ದಿನ ಆ ಪ್ರೀತಿಗಾಗಿಯೇ ಕೆಲಸ ಮಾಡುತ್ತೇನೆ ಎಂದು ನಿಶ್ಚಯಿಸಿದ. ಲೆಕ್ಕಾಚಾರ ಕೈಬಿಟ್ಟ ಮೇಲೆ ಭಯವೂ ಬಿಟ್ಟುಹೋಯಿತು. ಬರ್ನಾರ್ಡ್ ಹೇಳಿದ ಗುಲಾಮ ಮತ್ತು ಕೂಲಿಯಾಳು ಇಬ್ಬರನ್ನೂ ದಾಟಿ ಆತ ಮಗನ ಜಾಗಕ್ಕೆ ಬಂದಿದ್ದ ಎನ್ನಬಹುದು.

ನಂತರ ಅವನ ಸಾಧನೆಯಲ್ಲಿ ಗೂಢವಾದದ್ದೇನೂ ಇರಲಿಲ್ಲ. ದಿನವಿಡೀ, ಕೆಲಸದ ನಡುವೆಯೇ, ದೇವರೊಡನೆ ಮನಸ್ಸಿನಲ್ಲಿ ಎರಡು ಮಾತು. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದೂ ದೇವರ ಪ್ರೀತಿಗಾಗಿಯೇ, ನೆಲದ ಮೇಲಿನ ಹುಲ್ಲುಕಡ್ಡಿ ಎತ್ತುವುದೂ ಅದಕ್ಕಾಗಿಯೇ. ಮನಸ್ಸು ಬೇರೆಡೆ ಹರಿದರೆ ಕೊರಗುತ್ತ ಕೂರುವುದಿಲ್ಲ. ತಪ್ಪಾಯಿತೆಂದು ಹೇಳಿ ಮುಂದುವರಿಯುವುದು. ಪ್ರಾರ್ಥನೆಯ ಸಮಯ ಬೇರೆ, ಕೆಲಸದ ಸಮಯ ಬೇರೆ ಎಂಬ ಭೇದವೇ ಅವನಿಗೆ ಉಳಿಯಲಿಲ್ಲ.

ಹಾಗೆಂದು ಕೆಲಸದಲ್ಲಿ ಉದಾಸೀನನಾದನೇ? ಇಲ್ಲ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಅವನನ್ನು ಬರ್ಗಂಡಿಗೆ ಕಳಿಸಿದ್ದರು. ವ್ಯವಹಾರ ಗೊತ್ತಿಲ್ಲ, ಕಾಲು ಬೇರೆ ಕುಂಟು. ದೋಣಿಯಲ್ಲಿ ಓಡಾಡಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗಬೇಕಿತ್ತು. ಇದು ನಿನ್ನದೇ ಕೆಲಸ ಎಂದು ದೇವರಿಗೆ ಹೇಳಿ ಮಾಡಿದೆ, ಎಲ್ಲ ಸರಿಯಾಗಿಯೇ ಆಯಿತು ಎಂದು ಆತ ಹೇಳಿಕೊಂಡಿದ್ದಾನೆ. ಕಾಲಿನ ಹುಣ್ಣು ಹೆಚ್ಚಿ ಅಡುಗೆಮನೆಯಲ್ಲಿ ನಿಲ್ಲಲಾಗದಾದಾಗ ಮಠದವರ ಚಪ್ಪಲಿ ಹೊಲಿಯುವ ಕೆಲಸಕ್ಕೆ ಕುಳಿತ.

ಅನುಮಾನದ ಕಣ್ಣು

1666ರ ಆಗಸ್ಟ್ 3ರಂದು ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಲಾರೆನ್ಸನನ್ನು ಮಾತನಾಡಿಸಲು ಬಂದರು. ಅವರು ಬರೆದಿಟ್ಟುಕೊಂಡ ಸಂಭಾಷಣೆಗಳು ಇಲ್ಲದಿದ್ದರೆ ಈ ಅಡುಗೆಯವನ ಹೆಸರು ಮಠದ ಗೋಡೆ ದಾಟುತ್ತಿರಲಿಲ್ಲವೇನೋ. 1691ರ ಫೆಬ್ರುವರಿ 12ರಂದು ಲಾರೆನ್ಸ್ ತೀರಿಕೊಂಡ. 1692 ಮತ್ತು 1694ರಲ್ಲಿ ಬೋಫೋರ್ ಅವನ ಪತ್ರ ಮತ್ತು ಮಾತುಗಳನ್ನು ಪ್ರಕಟಿಸಿದರು.

ಆದರೆ ಅದು ಸಂಶಯದ ಕಾಲ. ಮನುಷ್ಯ ತನ್ನ ಪ್ರಯತ್ನವನ್ನೆಲ್ಲ ಬಿಟ್ಟು ದೇವರ ಮುಂದೆ ಸುಮ್ಮನಿದ್ದರೆ ಸಾಕು ಎಂಬ ‘ಕ್ವಯಟಿಸಂ’ ವಾದವನ್ನು ರೋಮ್ 1687ರಲ್ಲಿ ಖಂಡಿಸಿತ್ತು. ಪ್ರತಿಫಲದ ಆಸೆಯಿಲ್ಲದ ಶುದ್ಧ ಪ್ರೀತಿಯ ಪರ ನಿಂತ ಆರ್ಚ್‌ಬಿಷಪ್ ಫೆನೆಲೋನ್ ಬರೆದ ಪುಸ್ತಕದ 23 ಮಾತುಗಳನ್ನು ಪೋಪ್ 1699ರಲ್ಲಿ ತಪ್ಪೆಂದು ಸಾರಿದರು. ಫೆನೆಲೋನ್ ಲಾರೆನ್ಸನನ್ನು ಕಂಡು ಮೆಚ್ಚಿದ್ದವರು. ಹೀಗಾಗಿ ಅಡುಗೆಯವನ ಪುಸ್ತಕವೂ ಅನುಮಾನದ ನೆರಳಿಗೆ ಬಿತ್ತು.

ಚರ್ಚಿನ ಆತಂಕ ತೀರ ನಿರಾಧಾರವಾಗಿರಲಿಲ್ಲ. ಪ್ರೀತಿಯೊಂದೇ ಸಾಕೆಂದರೆ ಮೋಕ್ಷದ ನಿರೀಕ್ಷೆ, ಸಂಸ್ಕಾರಗಳು, ಒಳ್ಳೆಯ ಕೆಲಸ ಇವೆಲ್ಲ ಏತಕ್ಕೆ ಎಂದು ಜನ ಕೇಳಬಹುದಿತ್ತು. ಆದರೆ ಲಾರೆನ್ಸ್ ಇವು ಯಾವುದನ್ನೂ ಬಿಟ್ಟವನಲ್ಲ. ಮಠದ ನಿಯಮದಂತೆ ಪ್ರಾರ್ಥನೆಗೆ ಹೋಗುತ್ತಿದ್ದ, ಪಾಲಿಗೆ ಬಂದ ಕೆಲಸ ಮಾಡುತ್ತಿದ್ದ. ಆತ ಬದಲಿಸಿದ್ದು ಅವುಗಳ ಕಾರಣವನ್ನು ಮಾತ್ರ.

ಫ್ರಾನ್ಸಿನ ಕ್ಯಾಥೊಲಿಕರು ಹಿಂಜರಿದಾಗ ಪುಸ್ತಕವನ್ನು ಕಾಪಾಡಿದವರು ಪ್ರಾಟೆಸ್ಟೆಂಟರು ಎಂಬುದು ಗಮನಿಸಬೇಕಾದ ಸಂಗತಿ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿ ತನ್ನ ಗ್ರಂಥಮಾಲೆಯಲ್ಲಿ ಇದರ ಭಾಗಗಳನ್ನು ಸೇರಿಸಿದ.

ಕಾರ್ಮೆಲ್ ಪರಂಪರೆಗೂ ಕರ್ನಾಟಕಕ್ಕೂ ನಂಟಿದೆ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜನ್ನು ತೆರೆದವರೂ ಅವರೇ. ಪ್ರಾರ್ಥನೆ ಮತ್ತು ದಿನನಿತ್ಯದ ದುಡಿಮೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಪಾಠ ಅಲ್ಲಿಯೂ ನಡೆದುಬಂದಿದೆ.

ಪ್ಯಾರಿಸ್ಸಿನ ಆ ಮಠದ ಚರ್ಚ್ ಈಗಲೂ ಇದೆ. ಕಟ್ಟಡದಲ್ಲಿ ಕ್ಯಾಥೊಲಿಕ್ ವಿದ್ಯಾಪೀಠ ನಡೆಯುತ್ತಿದೆ. ದೇವರನ್ನು ಪ್ರೀತಿಸುವ ಬಗೆಯನ್ನು ವಿದ್ವಾಂಸರು ಅಲ್ಲಿ ಇಂದಿಗೂ ಚರ್ಚಿಸುತ್ತಿರಬಹುದು. ಅದೇ ಜಾಗದಲ್ಲಿ, ತನಗೆ ಹಿಡಿಸದ ಕೆಲಸವನ್ನು ಹದಿನೈದು ವರ್ಷ ಮನಸ್ಸಿಟ್ಟು ಮಾಡಿದವನೊಬ್ಬ ಅದನ್ನು ಬದುಕಿ ತೋರಿಸಿ ಹೋಗಿದ್ದಾನೆ.