ತೂಕದ ದಿನ

ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ ಬಟ್ಟೆಯ ಚೀಲದಲ್ಲಿ ಕೂಸು ಕಾಲು ಇಳಿಬಿಟ್ಟು ಅಳುತ್ತಿದೆ. ಮುಳ್ಳು ಅಲುಗುವುದು ನಿಲ್ಲುವವರೆಗೂ ಅಂಗನವಾಡಿ ಟೀಚರ್ ಕಾಯುತ್ತಾರೆ. ಅಂಕಿಯನ್ನು ಮೊಬೈಲಿಗೆ ತುಂಬಿ, ತಾಯಿ ಕಾರ್ಡಿನ ನಕ್ಷೆಯಲ್ಲೂ ಒಂದು ಚುಕ್ಕಿ ಇಡುತ್ತಾರೆ. ಹೋದ ತಿಂಗಳ ಚುಕ್ಕಿಯಿಂದ ಗೆರೆ ಎಳೆದರೆ ಅದು ಮೇಲೇರಬೇಕು. ಮಟ್ಟಸವಾಗಿ ಮಲಗಿತೆಂದರೆ ಸಂಜೆ ಆ ಮನೆಯ ಬಾಗಿಲು ತಟ್ಟಲೇಬೇಕು.

ಅಂಗನವಾಡಿ ಅಂದರೆ ಮಕ್ಕಳಿಗೆ ಉಪ್ಪಿಟ್ಟು ಹಾಕುವ ಜಾಗ ಎಂದುಕೊಂಡವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಇಂಥ ತೂಕದ ದಿನ ಒಮ್ಮೆ ಬಂದು ಕೂರಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ 100 ಕೇಂದ್ರಗಳಿಂದ ಮೊದಲಾದದ್ದು ಈಗ ರಾಜ್ಯದಲ್ಲಿ 65 ಸಾವಿರ ದಾಟಿದೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಶಾಲೆಗೆ ಮುಂಚಿನ ಕಲಿಕೆ ಎಲ್ಲವೂ ಇದೇ ಬಾಗಿಲಿನಲ್ಲಿ. 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಮಾತೃಪೂರ್ಣದಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ.

ಟೀಚರ್ ಕೈಯಲ್ಲಿ ಮೂರು ಬಣ್ಣದ ಒಂದು ಪಟ್ಟಿ ಇದೆ. ಅದನ್ನು ಕೂಸಿನ ಎಡ ರಟ್ಟೆಗೆ ಸುತ್ತುತ್ತಾರೆ. ಹಸಿರು ಬಂದರೆ ನಿರಾಳ, ಹಳದಿ ಬಂದರೆ ಎಚ್ಚರ. 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು: ತೀವ್ರ ಅಪೌಷ್ಟಿಕತೆ. ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ ನೋಡಿ, ಅಷ್ಟರೊಳಗೇ ಆ ರಟ್ಟೆ ಹಿಡಿಯುತ್ತದೆ. ಅಂಥ ಮಗುವನ್ನು ತಾಯಿಯ ಜೊತೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ, ಸಾಮಾನ್ಯವಾಗಿ ಎರಡು ವಾರ. ಕಷ್ಟ ಇರುವುದು ಇಲ್ಲೇ. ಮನೆಯಲ್ಲಿ ಇನ್ನೆರಡು ಮಕ್ಕಳು, ಹಟ್ಟಿಯಲ್ಲಿ ಹಸು, ಹೊಲದಲ್ಲಿ ಕಳೆ. ಕೂಲಿ ತಪ್ಪಿದ್ದಕ್ಕೆ ತಾಯಿಗೆ ಪರಿಹಾರ ಉಂಟು ಎಂದು ಸರ್ಕಾರದ ಕಾಗದ ಹೇಳಿದರೂ ಅತ್ತೆಯನ್ನು ಒಪ್ಪಿಸುವವರು ಯಾರು? ಟೀಚರೇ. ಎರಡು ಸಲ, ಮೂರು ಸಲ ಜಗಲಿಯಲ್ಲಿ ಕೂತು, ಕಾಫಿ ಕುಡಿದು ಒಪ್ಪಿಸುತ್ತಾರೆ. ಈ ಕೆಲಸಕ್ಕೆ ಯಾವ ಆ್ಯಪಿನಲ್ಲೂ ಕಾಲಂ ಇಲ್ಲ.

ಇಷ್ಟು ಮಾಡುವವರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಅದು ಗೌರವಧನ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಶುರುವಾಗಿ 46 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮೊದಲ ತಲೆಮಾರಿನ ಎಷ್ಟೋ ಟೀಚರುಗಳು ಬರಿಗೈಯಲ್ಲಿ ನಿವೃತ್ತರಾಗಿ ಮನೆ ಸೇರಿದ್ದರು. ಇದು ನನಗೆ ಇವತ್ತಿಗೂ ಸಂಕಟದ ಮಾತು.

ಮಧ್ಯಾಹ್ನ ಊಟ ಮುಗಿದಿದೆ. ಸಹಾಯಕಿ ಪುಟ್ಟ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದಾರೆ. ಒಳಗೆ ಚಾಪೆಯ ಮೇಲೆ ಮಕ್ಕಳು ಅಡ್ಡಾದಿಡ್ಡಿ ಮಲಗಿವೆ. ಟೀಚರ್ ಪುಷ್ಟಿ ಪುಡಿಯ ಪೊಟ್ಟಣ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು. ಗೆರೆ ಮಲಗಿದ ಮನೆ ಊರಾಚೆಯ ತೋಟದಲ್ಲಿದೆ, ನಡೆದೇ ಹೋಗಬೇಕು.