ಸಹವಾಸವೆಂಬ ವಿದ್ಯೆ

‘ಸಹವಾಸ’ ಎಂಬ ಶಬ್ದ ನಮ್ಮ ಆಡುಮಾತಿನಲ್ಲಿ ಕೆಟ್ಟ ಹೆಸರನ್ನು ಪಡೆದುಬಿಟ್ಟಿದೆ. ಮಗ ದಾರಿ ತಪ್ಪಿದರೆ ಸಹವಾಸದೋಷ ಎನ್ನುತ್ತೇವೆ. ಯಾರ ಮೇಲಾದರೂ ಬೇಸರ ಬಂದರೆ ಅವನ ಸಹವಾಸವೇ ಬೇಡವೆಂದು ಕೈಮುಗಿಯುತ್ತೇವೆ. ಶಬ್ದದ ಮೂಲಾರ್ಥವಾದರೋ ಬಹು ಸರಳವಾದುದು: ಜೊತೆಯಲ್ಲಿ ವಾಸಮಾಡುವುದು, ಅಷ್ಟೆ. ಜೊತೆಯಲ್ಲಿ ವಾಸಮಾಡುವುದೂ ಒಂದು ವಿದ್ಯೆ, ಅದನ್ನು ಕಲಿಯಲು ಒಂದು ಸ್ಥಳ ಬೇಕು ಎಂಬುದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಅಂತಹ ಸ್ಥಳ ಯಾವುದೆಂದು ಕೇಳಿದರೆ ನಾನು ವಿಶ್ವವಿದ್ಯಾನಿಲಯದ ಆವರಣದೊಳಗಿನ ವಿದ್ಯಾರ್ಥಿನಿಲಯವನ್ನು, ಅದರಲ್ಲಿಯೂ ಅಲ್ಲಿ ಕಳೆಯುವ ಮೊದಲನೆಯ ವರ್ಷವನ್ನು ತೋರಿಸುತ್ತೇನೆ.

ಓದುವ ಹುಡುಗನಿಗೆ ಒಂದು ಸೂರು, ಎರಡು ಹೊತ್ತಿನ ಅನ್ನ—ನಮ್ಮ ನಾಡಿನಲ್ಲಿ ಇದು ಎಂದೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಒಂದು ಕಾಲಕ್ಕೆ ವಾರಾನ್ನವಿದ್ದಿತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗೆ ಉಂಡು ಓದಿ ದೊಡ್ಡವರಾದವರು ಉಂಟು. ಆದರೆ ಉಣಬಡಿಸುವ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಈ ಕೊರತೆಯನ್ನು ಮನಗಂಡು ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳು ಏಳುವಂತೆ ಮಾಡಿದರು. ಕನ್ನಡ ನಾಡಿನಲ್ಲಿಯೂ ಮಠಗಳು, ಜನಾಂಗಗಳ ಸಂಘಗಳು ಈ ಕಾರ್ಯವನ್ನು ಕೈಗೆತ್ತಿಕೊಂಡವು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟರು. ಇವರೆಲ್ಲರ ಋಣ ದೊಡ್ಡದು. ಆದರೂ ಒಂದೊಂದು ಜನಾಂಗಕ್ಕೆ ಒಂದೊಂದು ನಿಲಯವೆಂಬ ಏರ್ಪಾಡಿಗೆ ತನ್ನದೇ ಆದ ಒಂದು ಮಿತಿಯುಂಟು. ಅಲ್ಲಿ ಹುಡುಗ ಊರನ್ನು ಬಿಟ್ಟು ಬಂದರೂ ಕೇರಿಯನ್ನು ಬಿಟ್ಟು ಬಂದಂತಾಗುವುದಿಲ್ಲ.

ವಿಶ್ವವಿದ್ಯಾನಿಲಯದ ನಿಲಯ ಈ ಮಿತಿಯನ್ನು ದಾಟಬಲ್ಲುದು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1916ರಲ್ಲಿ. ಕುವೆಂಪು ಅವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆಂದು ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಮಾನಸಗಂಗೋತ್ರಿ ರೂಪುಗೊಂಡು 1960ರಲ್ಲಿ ಆರಂಭವಾಯಿತು. ಅಲ್ಲಿಗೆ 2001ರಲ್ಲಿ ಕನ್ನಡ ಎಂ.ಎ. ಮೊದಲನೆಯ ವರ್ಷಕ್ಕೆ ಸೇರಿದ ನಾನು, ಮೂರು ಮಂಚಗಳ ಒಂದು ಕೊಠಡಿಯಲ್ಲಿ ವಾಸಮಾಡತೊಡಗಿದೆನು. ನಾನು ಮಂಡ್ಯದ ಕಡೆಯವನು. ಉಳಿದಿಬ್ಬರಲ್ಲಿ ಒಬ್ಬ ರಾಯಚೂರು ಸೀಮೆಯವನು, ಇನ್ನೊಬ್ಬ ಕೊಳ್ಳೇಗಾಲದ ಕಡೆಯವನು. ಮೂವರೂ ಕನ್ನಡದ ವಿದ್ಯಾರ್ಥಿಗಳೇ. ನಮ್ಮನ್ನು ಒಟ್ಟುಗೂಡಿಸಿದ್ದು ಸ್ನೇಹವಲ್ಲ, ಪಟ್ಟಿಯಲ್ಲಿ ಹೆಸರುಗಳು ಬಿದ್ದ ಕ್ರಮ.

ಮೊದಲನೆಯ ಭಾನುವಾರ ಬೆಳಿಗ್ಗೆ ರಾಯಚೂರಿನವನು, “ಒಗ್ಗರಣಿ ತಿನ್ನೂಣು ಬರ್ರಿ” ಎಂದು ನಮ್ಮನ್ನು ಕರೆದನು. ನಮ್ಮ ಕಡೆ ಒಗ್ಗರಣೆಯೆಂದರೆ ಸಾರಿನ ಮೇಲೆ ಚುರ್ರೆನ್ನುವ ಸಾಸಿವೆ ಕರಿಬೇವು. ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಮನುಷ್ಯನೂ ಲೋಕದಲ್ಲಿ ಇದ್ದಾನೆಯೆ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವನು ಹೇಳಿದ್ದು ಮಂಡಾಳಿನಿಂದ ಮಾಡುವ ತಿಂಡಿಯನ್ನು. ಮಂಡಾಳು ಎಂದರೇನೆಂಬುದಕ್ಕೆ ಮತ್ತೆ ಅರ್ಧ ಗಂಟೆ ವಿಚಾರಗೋಷ್ಠಿ ನಡೆದು, ಅದು ನಮ್ಮ ಪುರಿಯೇ ಎಂದು ಕೊನೆಗೆ ಇತ್ಯರ್ಥವಾಯಿತು. ಅಂದು ರಾತ್ರಿ ಊಟದ ಮನೆಯಲ್ಲಿ ರಾಗಿಮುದ್ದೆಯನ್ನು ಒಂದೇ ಸಮನೆ ಅಗಿಯುತ್ತ ಕಂಗೆಟ್ಟು ಕುಳಿತಿದ್ದ ಅವನಿಗೆ, “ಅಗೀಬೇಡ ಕಣೋ, ನುಂಗು” ಎಂಬ ಉಪದೇಶವನ್ನು ನಾವು ಕೊಟ್ಟೆವು. ಕನ್ನಡದ ಉಪಭಾಷೆಗಳೆಂಬ ಪಾಠ ತರಗತಿಯಲ್ಲಿ ಆಮೇಲೆ ಬಂದಿತು. ಅಷ್ಟು ಹೊತ್ತಿಗೆ ನಾವು ಅದರಲ್ಲಿ ಅರ್ಧವನ್ನು ಮುಗಿಸಿದ್ದೆವು. ತನ್ನ ಊರಿನ ಕನ್ನಡವೇ ಕನ್ನಡವೆಂದು ನಂಬಿ ಬಂದ ಮೂವರಿಗೂ, ಕನ್ನಡ ತಮ್ಮ ಊರಿಗಿಂತ ದೊಡ್ಡದೆಂದು ತಿಳಿದದ್ದು ಹೀಗೆ.

ಕೊಳ್ಳೇಗಾಲದ ಗೆಳೆಯ ಮಿತಭಾಷಿ. ರಾಯಚೂರಿನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಬಂದು ಅದನ್ನು ಬಿಚ್ಚಿದೊಡನೆ, ಇವನು ಬಕೆಟ್ಟು ಸೋಪುಗಳನ್ನು ಹಿಡಿದು ಬಟ್ಟೆ ಒಗೆಯುವ ನೆಪದಲ್ಲಿ ಹೊರಗೆ ನಡೆದುಬಿಡುತ್ತಿದ್ದನು. ಮೂರನೆಯ ಬಾರಿಯೋ ನಾಲ್ಕನೆಯ ಬಾರಿಯೋ ರಾಯಚೂರಿನವನು ಬಾಗಿಲಿಗೆ ಅಡ್ಡ ನಿಂತು, “ಎಲ್ಲಿಗೆ ಹೊಂಟಿ? ಮೊದ್ಲ ಉಣ್ಣು, ಬಟ್ಟಿ ಆಮ್ಯಾಲ ಒಗಿ” ಎಂದು ಗದರಿ, ಮುರಿದ ರೊಟ್ಟಿಯನ್ನು ಅವನ ಕೈಗಿತ್ತನು. ಅಂದಿನಿಂದ ಮೂವರಿಗೂ ಒಂದೇ ತಟ್ಟೆ. ತನ್ನ ಊರಿನ ಟೀ ಅಂಗಡಿಯಲ್ಲಿ ತನ್ನ ಕೇರಿಯವರಿಗೆ ಬೇರೆಯ ಲೋಟವಿತ್ತೆಂಬ ಸಂಗತಿಯನ್ನು ಅವನು ನಮಗೆ ಹೇಳಿದ್ದು ವರ್ಷದ ಕೊನೆಯಲ್ಲಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕಾನೂನು ಬಾಗಿಲನ್ನು ತೆರೆಸಬಲ್ಲುದು. ಒಳಗೆ ಬಂದವನನ್ನು ‘ಉಣ್ಣು’ ಎಂದು ಗದರಿಸಲು ಮನುಷ್ಯನೇ ಬೇಕು, ಆ ಮನುಷ್ಯನಿಗೂ ಅಂತಹದೊಂದು ಸಂದರ್ಭ ಒದಗಬೇಕು.

ಪಡೆದವನು ಅವನೊಬ್ಬನೇ ಎಂದು ಯಾರೂ ಭಾವಿಸಬಾರದು. ಅವನ ಅಜ್ಜ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಿದ್ದ ನೀಲಗಾರ. ನಾವು ಅಚ್ಚಿನ ಪುಸ್ತಕದಲ್ಲಿ ಕಷ್ಟಪಟ್ಟು ಓದುತ್ತಿದ್ದ ಕಾವ್ಯ ಮೊಮ್ಮಗನಿಗೆ ಬಾಯಿಪಾಠ. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಅವನು ಮೆಲ್ಲನೆ ಅದನ್ನು ಎತ್ತಿಕೊಂಡರೆ ಅಕ್ಕಪಕ್ಕದ ಕೊಠಡಿಗಳವರೂ ಬಂದು ಹೊಸ್ತಿಲಲ್ಲಿ ಕುಳಿತುಬಿಡುತ್ತಿದ್ದರು. ಜನಪದ ಕಾವ್ಯವನ್ನು ನಾನು ಇಂದು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನನ್ನ ಕಿವಿಯಲ್ಲಿರುವುದು ಆ ಧ್ವನಿಯೇ.

ಹಾಸ್ಟೆಲಿನ ವಾಸವೆಲ್ಲ ಜೇನುತುಪ್ಪವೆಂದು ನಾನು ಹೇಳುತ್ತಿಲ್ಲ. ಒಬ್ಬನಿಗೆ ಓದಲು ದೀಪ ಬೇಕಾದ ಹೊತ್ತಿಗೇ ಇನ್ನೊಬ್ಬನಿಗೆ ನಿದ್ರೆಯ ಕತ್ತಲೆ ಬೇಕಾಗುತ್ತದೆ. ಮನೆಯ ನೆನಪು ಬಂದು ದಿಂಬು ಒದ್ದೆಯಾಗುವ ರಾತ್ರಿಗಳೂ ಉಂಟು. ಇದಕ್ಕಿಂತ ಘೋರವಾದುದು ಹೊಸಬರನ್ನು ಹಳಬರು ಹಿಂಸಿಸುವ ರ‍್ಯಾಗಿಂಗ್ ಎಂಬ ಪಿಡುಗು. ದೇಶದಲ್ಲಿ ಅದಕ್ಕೆ ಪ್ರಾಣಗಳೇ ಬಲಿಯಾಗಿವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿ ಹೊರಡಿಸಿದ ನಿಯಮಗಳು ಮೊದಲ ವರ್ಷದವರಿಗೆ ಸಾಧ್ಯವಾದಮಟ್ಟಿಗೆ ಪ್ರತ್ಯೇಕ ವಿಭಾಗದಲ್ಲಿ ವಸತಿ ಕೊಡಬೇಕೆಂದು ವಿಧಿಸಿವೆ. ಇದು ಉಚಿತವಾದುದು. ಸಹವಾಸವನ್ನು ಕಲಿಯುವ ಮೊದಲು ಭಯವಿಲ್ಲದಿರುವುದನ್ನು ಪಡೆಯಬೇಕು.

ಆದರೆ ಭಯ ಹೋದಮೇಲೆ ಉಳಿಯುವ ಇನ್ನೊಂದು ಅಪಾಯವಿದೆ. ಕೊಠಡಿಗಳ ಹಂಚಿಕೆ ಮುಗಿದ ವಾರದಲ್ಲಿಯೇ ಅದಲುಬದಲಿನ ಅರ್ಜಿಗಳು ಬರತೊಡಗುತ್ತವೆ. ಜಿಲ್ಲೆಯವರು ಜಿಲ್ಲೆಯವರನ್ನು ಹುಡುಕುತ್ತಾರೆ. ಜಿಲ್ಲೆಯ ಹೆಸರಿನ ಹಿಂದೆ ಜಾತಿ ಜಾತಿಯನ್ನು ಹುಡುಕುತ್ತಿರುವುದೂ ಅಪರೂಪವಲ್ಲ. ತಿಂಗಳು ತುಂಬುವುದರೊಳಗೆ ಪ್ರತಿಯೊಂದು ಕೊಠಡಿಯೂ ಒಂದೊಂದು ಕೇರಿಯಾಗಿಬಿಡುತ್ತದೆ. ನಾವಿದ್ದಾಗ ಮನೆಯವರ ದನಿ ಕೇಳಬೇಕಾದರೆ ಒಂದು ರೂಪಾಯಿಯ ನಾಣ್ಯ ನುಂಗುವ ದೂರವಾಣಿಯ ಮುಂದೆ ಸಾಲು ನಿಲ್ಲಬೇಕಾಗಿದ್ದಿತು. ಆದುದರಿಂದ ಪಕ್ಕದ ಮಂಚದವನೊಡನೆ ಮಾತನಾಡದೆ ಗತಿಯಿರಲಿಲ್ಲ. ಈಗ ಪ್ರತಿಯೊಬ್ಬನೂ ತನ್ನ ಊರನ್ನು ಅಂಗೈಯಲ್ಲಿಯೇ ಹಿಡಿದುಕೊಂಡು ಬರುತ್ತಾನೆ. ಮೂರು ಮಂಚಗಳ ಮೇಲೆ ಮೂರು ಊರುಗಳು ಪರಸ್ಪರ ಪರಿಚಯವಿಲ್ಲದೆ ವರ್ಷವಿಡೀ ಮಲಗಿರಬಹುದು.

ಆದುದರಿಂದ ನಿಲಯಪಾಲಕರಾಗಿರುವ ನನ್ನ ಮಿತ್ರರಲ್ಲಿ ನನ್ನದೊಂದು ವಿನಂತಿ. ಮೊದಲನೆಯ ವರ್ಷದ ಮಟ್ಟಿಗಾದರೂ ಜೊತೆಗಾರರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಹುಡುಗರಿಗೆ ಕೊಡಬೇಡಿ. ಬೀದರಿನವನನ್ನು ಚಾಮರಾಜನಗರದವನ ಪಕ್ಕದಲ್ಲಿ, ರಸಾಯನಶಾಸ್ತ್ರದವನನ್ನು ಕಾವ್ಯದವನ ಪಕ್ಕದಲ್ಲಿ ಇರಿಸಿ. ನಿಜವಾದ ತೊಂದರೆಗೆ ಸಿಕ್ಕಿದವನ ಅರ್ಜಿಯನ್ನು ಅಂದೇ ಮನ್ನಿಸಿ. ‘ನಮ್ಮವರು ಅಲ್ಲಿದ್ದಾರೆ’ ಎಂಬ ಅರ್ಜಿಯನ್ನು ಮಾತ್ರ ಮುಂದಿನ ವರ್ಷದವರೆಗೆ ಮೇಜಿನ ಸಂದೂಕದಲ್ಲಿಡಿ. ಎರಡನೆಯ ವರ್ಷ ಅವರು ಯಾರನ್ನು ಆರಿಸಿಕೊಂಡರೂ ಆ ಆಯ್ಕೆ ತಿಳಿದು ಮಾಡಿದ್ದಾಗಿರುತ್ತದೆ.

ಹೀಗೆ ಬರೆಯುವಾಗ, ಪಟ್ಟಿಯಲ್ಲಿ ಹೆಸರೇ ಬಾರದವರನ್ನು ಮರೆಯಲಾಗದು. ನನ್ನ ಪದವಿ ತರಗತಿಯಿಂದ ಎಂ.ಎ.ಗೆ ಹೊರಟ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ಸೀಟು ದೊರೆಯುವುದಕ್ಕಿಂತ ಹಾಸ್ಟೆಲು ದೊರೆಯುವುದೇ ಮುಖ್ಯ. ಅದು ದೊರೆತರೆ ಓದು, ದೊರೆಯದಿದ್ದರೆ ಮದುವೆ. ಒಂದು ಮಂಚದ ಬೆಲೆಯನ್ನು ಲೆಕ್ಕ ಹಾಕುವಾಗ ಆಡಳಿತದವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಲೇಜುಗಳು ತೆರೆಯುವ ದಿನಗಳಲ್ಲಿ, ಟ್ರಂಕು ಹಾಸಿಗೆಗಳನ್ನು ಇಳಿಸಿದ ತಂದೆತಾಯಿಗಳು ಹಾಸ್ಟೆಲಿನ ಬಾಗಿಲಲ್ಲಿ ಆತಂಕದಿಂದ ಕೇಳುವ ಪ್ರಶ್ನೆಯೊಂದುಂಟು: “ಜೊತೆಗಿರುವವರು ನಮ್ಮ ಕಡೆಯವರೇ ತಾನೆ?” ಅಲ್ಲವೆಂಬ ಉತ್ತರ ಬಂದರೆ ಅವರು ನೆಮ್ಮದಿಯಿಂದ ಊರಿಗೆ ಹಿಂದಿರುಗಬಹುದು. ಮಗನ ಓದು ಆಗಲೇ ಆರಂಭವಾಗಿದೆ.