ಎಲೆ ಕಳಚಿಕೊಂಡ ಅಡಿಕೆ

1973ರ ಜೂನ್ ಕೊನೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಯಿತು. ಅದಾಗಿ ಎರಡು ವಾರಕ್ಕೆ, ಜುಲೈ 11ರಂದು, ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಹುಟ್ಟಿತು. ಅದೇ ವರ್ಷ ದೂರದ ಕಾನ್ಪುರದಲ್ಲಿ ಕೊಠಾರಿ ಮನೆತನ ಪಾನ್ ಪರಾಗ್ ಎಂಬ ಹೊಸ ಸರಕನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು ಕ್ಯಾನ್ಸರ್ ಆಸ್ಪತ್ರೆ, ಒಂದು ರೈತ ಸಂಸ್ಥೆ, ಒಂದು ಪಾನ್ ಮಸಾಲಾ. ಆಗ ಇವುಗಳಿಗೆ ಒಂದಕ್ಕೊಂದರ ಗೊಡವೆ ಇರಲಿಲ್ಲ. ಗುಟ್ಕಾ ಹೇಗೆ ಬಂತು ಎಂದು ಕೇಳಿದರೆ ಈ ಮೂರು ಊರುಗಳ ನಡುವೆಯೇ ಓಡಾಡಬೇಕಾಗುತ್ತದೆ.

ಗುಟ್ಕಾ ಪರವಾಗಿ ಮಾತಾಡುವವರು ಮೊದಲು ಎತ್ತುವುದು ಪರಂಪರೆಯ ಹೆಸರು. ಅಜ್ಜ ದಿನವೂ ಕವಳ ಹಾಕುತ್ತಿದ್ದ, ಆದರೂ ತೊಂಬತ್ತು ದಾಟಿದ ಎನ್ನುವ ವಾದ ಮಲೆನಾಡಿನಲ್ಲಂತೂ ಮನೆಗೊಂದು ಸಿಗುತ್ತದೆ. ಪರಂಪರೆ ಇದ್ದದ್ದು ನಿಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ತಾಂಬೂಲವನ್ನು ಅರಸನ ಭೋಗಗಳ ಸಾಲಿಗೆ ಸೇರಿಸಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವೀಳ್ಯದೆಲೆಯ ಗುಣಗಾನವನ್ನೇ ಮಾಡಿದ್ದಾನೆ. ಮದುವೆ ಗೊತ್ತಾಗುವುದು ವೀಳ್ಯಶಾಸ್ತ್ರದಿಂದ, ಅತಿಥಿ ಹೊರಡುವುದು ತಾಂಬೂಲ ಹಿಡಿದು. ಆದರೆ ಆ ತಾಂಬೂಲಕ್ಕೆ ಒಂದು ಹೊತ್ತು ಗೊತ್ತಿತ್ತು. ಊಟ ಮುಗಿಯಬೇಕು, ಹರಿವಾಣ ಬರಬೇಕು, ಅಡಕತ್ತರಿಯಲ್ಲಿ ಅಡಿಕೆ ಹೋಳಾಗಬೇಕು, ಎಲೆಯ ತೊಟ್ಟು ಮುರಿದು ಬೆನ್ನಿಗೆ ಸುಣ್ಣ ಸವರಬೇಕು. ದಿನಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಕೂತು ಮಾಡುವ ವ್ಯವಧಾನ ಯಾರಿಗೂ ಇರಲಿಲ್ಲ. ಅಜ್ಜನನ್ನು ಕಾಪಾಡಿದ್ದು ಪರಂಪರೆಯಲ್ಲ, ಆ ರಗಳೆ ಎಂಬುದು ನನ್ನ ಗುಮಾನಿ. ಎಷ್ಟೋ ಅಜ್ಜಂದಿರನ್ನು ಅದು ಕಾಪಾಡಲಿಲ್ಲ, ಅವರ ಬಗ್ಗೆ ಯಾರೂ ಹೇಳುವುದಿಲ್ಲ.

ಅಡಿಕೆ ನಮ್ಮಲ್ಲಿ ಹಳೆಯದು, ತಂಬಾಕು ಆಮೇಲೆ ಹೊರಗಿನಿಂದ ಬಂದದ್ದು. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದು ದಖ್ಖನಿಗೆ ಹತ್ತಿತು. 1604ರ ಸುಮಾರಿಗೆ ಮೊಗಲರ ಪ್ರತಿನಿಧಿ ಅಸದ್ ಬೇಗ್ ಅದನ್ನು ಮೊದಲ ಬಾರಿಗೆ ಕಂಡದ್ದು ಆದಿಲ್‌ಶಾಹಿಗಳ ವಿಜಯಪುರದಲ್ಲಿ. ಅಲ್ಲಿಂದ ಒಂದಿಷ್ಟು ಕೊಂಡುಹೋಗಿ, ಸಿಂಗರಿಸಿದ ಕೊಳವೆಯೊಂದಿಗೆ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದು ನೋಡಿದ, ಆಸ್ಥಾನದ ಹಕೀಮರು ಬೇಡವೆಂದು ತಡೆದರು. ಮಗ ಜಹಾಂಗೀರ 1617ರಲ್ಲಿ ತಂಬಾಕನ್ನೇ ನಿಷೇಧಿಸಿದ. ನಿಷೇಧದ ಚರಿತ್ರೆಯೂ ಹಳೆಯದೇ, ಅದರ ಫಲವೂ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ. ಹೊಗೆಸೊಪ್ಪು ಎಲೆಯಡಿಕೆಯ ತಟ್ಟೆಯಲ್ಲಿ ನಿಧಾನವಾಗಿ ನಾಲ್ಕನೆಯ ಜಾಗ ಹಿಡಿಯಿತು.

ಕಾನ್ಪುರದಲ್ಲಿ ನಡೆದ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ತಟ್ಟೆಯಿಂದ ಎಲೆಯನ್ನು ತೆಗೆದರು, ಅಷ್ಟೇ. ತಾಂಬೂಲದಲ್ಲಿ ಬಾಡುವುದು, ಕೊಳೆಯುವುದು ಎಲೆಯೊಂದೇ. ಅದು ಇರುವ ತನಕ ವೀಳ್ಯ ಆಯಾ ಊರಿನ ಪಾನ್ ಅಂಗಡಿಯವನ ಕಸುಬು. ಕಾರ್ಖಾನೆಗೆ ಅಲ್ಲಿ ಕೆಲಸವಿಲ್ಲ. ಎಲೆ ಹೋದ ಮೇಲೆ ಉಳಿದದ್ದು ಒಣ ಸಾಮಾನು: ಅಡಿಕೆ ಚೂರು, ಕಾಚು, ಸುಣ್ಣ, ಏಲಕ್ಕಿ, ಪರಿಮಳ. ಒಣ ಸಾಮಾನನ್ನು ಟನ್‌ಗಟ್ಟಲೆ ಬೆರೆಸಬಹುದು, ತಿಂಗಳುಗಟ್ಟಲೆ ಇಡಬಹುದು, ರೈಲಿಗೆ ಹಾಕಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಇದು ಪಾನ್ ಮಸಾಲಾ. ಇದಕ್ಕೆ ತಂಬಾಕು ಬೆರೆಸಿದರೆ ಗುಟ್ಕಾ.

ಮೊದಮೊದಲು ಪಾನ್ ಮಸಾಲಾ ಬರುತ್ತಿದ್ದದ್ದು ತಗಡಿನ ಡಬ್ಬಿಗಳಲ್ಲಿ. ಡಬ್ಬಿ ಕೊಳ್ಳುವವರು ಉಳ್ಳವರು. ಎಂಬತ್ತರ ದಶಕದಲ್ಲಿ ಒಂದು ಬಾಯಿಗೆ ಒಂದರಂತೆ ಪ್ಲಾಸ್ಟಿಕ್ ಪೊಟ್ಟಣ ಬಂತು. ತಮಿಳುನಾಡಿನ ಕಡೆಯಿಂದ ಶಾಂಪೂ ಪೊಟ್ಟಣಗಳು ನಮ್ಮ ಗೂಡಂಗಡಿಗಳಿಗೆ ನುಗ್ಗಿದ್ದೂ ಆ ದಿನಗಳಲ್ಲೇ. ಅದೇ ವೇಳೆಗೆ ದೂರದರ್ಶನ ಬಣ್ಣ ತಾಳಿ ಮನೆಮನೆಗೆ ಬಂದಿತ್ತು. ಅಶೋಕ್ ಕುಮಾರ್ ಮತ್ತು ಶಮ್ಮಿ ಕಪೂರ್ ಬೀಗರಾಗಿ ಎದುರಾಗುವ ಪಾನ್ ಪರಾಗ್ ಜಾಹೀರಾತು ಹಿಂದಿ ಬಾರದ ನಮ್ಮ ಹಳ್ಳಿಗಳಲ್ಲೂ ಬಾಯಿಪಾಠವಾಯಿತು. ವರದಕ್ಷಿಣೆಯ ಬದಲು ಪಾನ್ ಮಸಾಲಾ ಕೇಳುವ ಬೀಗರು! ಬೀಡಿಗೆ ಹಳ್ಳಿಯ ವಾಸನೆ, ಸಿಗರೇಟಿಗೆ ಪುಂಡರ ಹೆಸರು ಅಂಟಿಕೊಂಡಿದ್ದ ಕಾಲದಲ್ಲಿ ಇದಕ್ಕೆ ಮದುವೆ ಮನೆಯ ಮರ್ಯಾದೆ ಸಿಕ್ಕಿತು. ಹೊಗೆ ಇಲ್ಲ, ಹಿರಿಯರ ಮುಂದೆ ಮುಚ್ಚಿಡಬೇಕಿಲ್ಲ, ಹೆಂಗಸರೂ ಹಾಕಿಕೊಳ್ಳಬಹುದು. ಮಕ್ಕಳಿಗೆ ಪಕ್ಕದಲ್ಲೇ ಸಿಹಿ ಸುಪಾರಿಯ ಸರ ತೂಗುತ್ತಿತ್ತು. ಮುಂದೆ ಪುಣೆಯ ಮಾಣಿಕ್‌ಚಂದ್ ಫಿಲ್ಮ್‌ಫೇರ್ ಪ್ರಶಸ್ತಿಗೇ ತನ್ನ ಹೆಸರು ಅಂಟಿಸುವಷ್ಟು ಬೆಳೆಯಿತು.

ಈಗ ಪೊಟ್ಟಣದ ಒಳಗೆ ನೋಡೋಣ. ತಂಬಾಕಿನ ನಿಕೋಟಿನ್ ಬಾಯಿಯ ತೆಳುಚರ್ಮದ ಮೂಲಕ ರಕ್ತಕ್ಕೆ ಇಳಿಯಬೇಕಾದರೆ ಬಾಯಿ ಕ್ಷಾರೀಯವಾಗಿರಬೇಕು; ಆ ಕೆಲಸವನ್ನು ಸುಣ್ಣ ಮಾಡಿಕೊಡುತ್ತದೆ. ಅಡಿಕೆ ಬರೀ ಜಗಿಯುವ ನಾರು ಎಂದುಕೊಂಡವರೇ ಹೆಚ್ಚು. ಅದರಲ್ಲಿರುವ ಅರೆಕೋಲಿನ್ ತಾನೇ ಒಂದು ಉತ್ತೇಜಕ. ಎದೆಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಜೊಲ್ಲು ತುಂಬುತ್ತದೆ, ಮಂಕು ಕವಿದ ತಲೆ ಎಚ್ಚರಾಗುತ್ತದೆ. ಹೊಸಬರಿಗೆ ‘ಅಡಿಕೆ ಸೊಕ್ಕಿತು’ ಎನ್ನುತ್ತೇವಲ್ಲ, ಅದು ಇದೇ. ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಕೆಲವು ಗ್ರಾಹಕಗಳ ಮೇಲೆ ಅರೆಕೋಲಿನ್ ಕೂಡ ಕೆಲಸ ಮಾಡುತ್ತದೆ ಎಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ತಂಬಾಕಿಲ್ಲದ ಪಾನ್ ಮಸಾಲಾ ಬಿಡುವುದಕ್ಕೂ ಜನ ಒದ್ದಾಡುವುದು ಏಕೆ ಎಂಬುದಕ್ಕೆ ಇದೊಂದು ಉತ್ತರ. ಗುಟ್ಕಾದಲ್ಲಂತೂ ಎರಡು ಚಟಗಳು ಒಟ್ಟಿಗೆ ಹತ್ತುತ್ತವೆ. ಬೆಳಗ್ಗೆ ಎದ್ದವನಿಗೆ ಒಂದು ಹಾಕದೆ ಹೊಟ್ಟೆ ಸರಿಯಾಗುವುದಿಲ್ಲ. ಬಿಟ್ಟ ಮೊದಲ ವಾರ ಸಿಡುಕು, ತಲೆಶೂಲೆ, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಲಾರಿ ಓಡಿಸುವವರು, ರಾತ್ರಿ ಪಾಳಿಯವರು, ಗಾರೆ ಕೆಲಸದವರು ಇದಕ್ಕೆ ಬೀಳುವುದು ಶೋಕಿಗಲ್ಲ. ನಿದ್ದೆ ಮತ್ತು ಹಸಿವು ಎರಡನ್ನೂ ಕೆಲವು ಗಂಟೆ ಮುಂದೂಡುವ ಇಷ್ಟು ಅಗ್ಗದ ಸಾಧನ ಬೇರೆ ಇಲ್ಲ.

ಹಾನಿ ಶುರುವಾಗುವ ರೀತಿ ಮಾತ್ರ ಯಾರ ಗಮನಕ್ಕೂ ಬಾರದಂಥದ್ದು. ಮೊದಲು ಸಾರಿನ ಖಾರ ತಡೆಯುವುದಿಲ್ಲ. ಹೆಂಡತಿ ಮೆಣಸಿನಪುಡಿ ಹೆಚ್ಚು ಹಾಕಿದಳು ಎಂದು ಮನೆಯಲ್ಲಿ ಜಗಳ. ಆಮೇಲೆ ಕೆನ್ನೆಯ ಒಳಭಾಗ ಬಿಳಚಿಕೊಂಡು ಬಿರುಸಾಗುತ್ತದೆ. ಶಿಳ್ಳೆ ಹೊಡೆಯಲಾಗದು, ದೀಪ ಊದಲಾಗದು, ನಾಲಗೆ ಪೂರ್ತಿ ಹೊರಗೆ ಚಾಚದು. ರೊಟ್ಟಿಯ ತುತ್ತು ಸಣ್ಣದಾಗುತ್ತ ಬರುತ್ತದೆ. ದಂತವೈದ್ಯರು ಇಂಥವರಿಗೆ ತಮ್ಮ ಮೂರು ಬೆರಳುಗಳನ್ನೇ ನೆಟ್ಟಗೆ ಜೋಡಿಸಿ ಬಾಯಿಗೆ ಇಟ್ಟುಕೊಳ್ಳಲು ಹೇಳುತ್ತಾರೆ. ಸಾಮಾನ್ಯವಾಗಿ ಮೂರೂ ಹಿಡಿಯಬೇಕು. ಎರಡೇ ಹಿಡಿದರೆ ತೊಂದರೆ ಶುರುವಾಗಿದೆ ಎಂದರ್ಥ, ಒಂದೇ ಹಿಡಿದರೆ ಬಹಳ ಮುಂದೆ ಹೋಗಿದೆ. ಒಳಗೆ ನಡೆದಿರುವುದು ಇಷ್ಟು: ಅಡಿಕೆಯ ಅಂಶಗಳು ಚರ್ಮದಡಿಯ ಕೋಶಗಳನ್ನು ಕೆರಳಿಸಿ ಮಿತಿಮೀರಿ ಕೊಲಾಜನ್ ನಾರು ಹುಟ್ಟಿಸುತ್ತವೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳು ಒಂದಕ್ಕೊಂದು ಬಿಗಿಯಲು ನೆರವಾಗುತ್ತದೆ. ಹೀಗೆ ಹೆಣೆದ ನಾರು ಕರಗುವುದಿಲ್ಲ. ಚಟ ಬಿಟ್ಟರೆ ಮುಂದುವರಿಯುವುದು ತಗ್ಗಬಹುದು, ಬಾಯಿ ಮೊದಲಿನಂತಾಗದು.

1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಈ ರೋಗವನ್ನು ವೈದ್ಯಕೀಯ ಜಗತ್ತಿನ ಮುಂದಿಟ್ಟಾಗ ಅವರು ಕಂಡಿದ್ದದ್ದು ಕೆನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರನ್ನು. ಕಾರಣ ತಿಳಿಯದ ಬೇನೆ ಎಂದೇ ಅವರು ಅದನ್ನು ಕರೆದರು. ಅದರ ಬೆನ್ನಿಗೇ ನಮ್ಮವರೇ ಆದ ಡಾ. ಎಸ್‌.ಜಿ. ಜೋಶಿ ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಗುರುತಿಸಿದರು. ಎರ್ನಾಕುಳಂ ಭಾಗದ ರೋಗಿಗಳನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಪೈಕಿ ಶೇ 7.6ರಷ್ಟು ಮಂದಿಗೆ ಅದು ಕ್ಯಾನ್ಸರ್‌ಗೆ ತಿರುಗಿತ್ತು. ಆ ರೋಗಿಗಳು ಎಲೆಯಡಿಕೆಯ ಕಾಲದವರು. ಪೊಟ್ಟಣ ಬಂದ ಮೇಲೆ ಕಾಲೇಜು ಹುಡುಗರೂ ಬಿಗಿದ ಬಾಯಿ ಹೊತ್ತು ಆಸ್ಪತ್ರೆಗೆ ಬರತೊಡಗಿದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕಿನ ಹಂಗಿಲ್ಲದೆ ಅಡಿಕೆಯನ್ನೇ ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಅಲ್ಲಿಗೆ ಕಥೆ ನಮ್ಮ ತೋಟಕ್ಕೆ ಬಂದಂತಾಯಿತು. ದೇಶದ ಅಡಿಕೆಯಲ್ಲಿ ಮುಕ್ಕಾಲು ಪಾಲಿನಷ್ಟು ಬೆಳೆಯುವುದು ಕರ್ನಾಟಕ. ಎಪ್ಪತ್ತರ ದಶಕದ ಮೊದಲಿಗೆ ಧಾರಣೆ ನೆಲಕಚ್ಚಿ, ಕೇಳುವವರೇ ಇಲ್ಲದಾದಾಗ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳಾಗಿ ಕ್ಯಾಂಪ್ಕೊ ಕಟ್ಟಿದರು. ಕರಾವಳಿಯ ಬಿಳಿ ಚಾಲಿಗೆ ಗುಜರಾತಿನ ಕಡೆ ಸುಪಾರಿಯ ಹಳೆಯ ಗಿರಾಕಿಗಳಿದ್ದರು. ಬೇಯಿಸಿ ಚೊಗರಿನಲ್ಲಿ ಅದ್ದಿ ಒಣಗಿಸುವ ಮಲೆನಾಡಿನ ಕೆಂಪಡಿಕೆಗೆ ಗುಟ್ಕಾ ಕಾರ್ಖಾನೆಗಳು ಹೊಸ ಗಿರಾಕಿಯಾದವು. ಶಿವಮೊಗ್ಗ, ಚನ್ನಗಿರಿ, ಭೀಮಸಮುದ್ರದ ಮಂಡಿಗಳಿಂದ ಉತ್ತರಕ್ಕೆ ಲಾರಿಗಳು ಹೊರಟವು. ತೊಂಬತ್ತರ ದಶಕದ ಕೊನೆಯ ಧಾರಣೆ ಕಂಡವರು ಅದನ್ನು ಇನ್ನೂ ಮರೆತಿಲ್ಲ. ಹಳೇ ಮನೆಗೆ ಆರ್‌ಸಿಸಿ ಬಿತ್ತು, ಅಂಗಳಕ್ಕೆ ಜೀಪು ಬಂತು, ಮಕ್ಕಳು ಎಂಜಿನಿಯರಿಂಗ್‌ಗೆ ಹೋದರು. ಬಯಲುಸೀಮೆಯಲ್ಲಿ ರಾಗಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕೊಳವೆಬಾವಿ ಕೊರೆದು ಅಡಿಕೆ ಸಸಿ ನೆಟ್ಟರು. ಬೆಳೆಗಾರ ಯಾರಿಗೂ ವಿಷ ಮಾರುತ್ತಿರಲಿಲ್ಲ. ಮಂಡಿಗೆ ಅಡಿಕೆ ಹಾಕಿ ದುಡ್ಡು ಎಣಿಸಿಕೊಂಡು ಬರುತ್ತಿದ್ದ. ಆ ಅಡಿಕೆ ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಡಿಕೆಯ ಮೇಲೆ ಮಾತು ಬಂದಾಗ ಪಕ್ಷಭೇದ ಮರೆತು ಒಂದಾಗುವ ನಮ್ಮ ಜನಪ್ರತಿನಿಧಿಗಳು ಇಂದಿಗೂ ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

ನಿಷೇಧದ ಕಥೆ ಚಿಕ್ಕದು, ಸುತ್ತುಬಳಸು. ತಮಿಳುನಾಡು, ಮಹಾರಾಷ್ಟ್ರ ಮೊದಲಾದ ರಾಜ್ಯಗಳು 2001–02ರಲ್ಲಿ ಗುಟ್ಕಾ ನಿಷೇಧಿಸಿ ನೋಡಿದವು. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ಆದೇಶಗಳು ನಿಲ್ಲಲಿಲ್ಲ. 2011ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಪೊಟ್ಟಣಕ್ಕೆ ಕೋರ್ಟೇ ತಡೆ ಹಾಕಿತು, ಕಂಪನಿಗಳು ಕಾಗದಕ್ಕೆ ಹೊರಳಿದವು. ಅದೇ ವರ್ಷ ಆಹಾರ ಸುರಕ್ಷತಾ ನಿಯಮಗಳಲ್ಲಿ ಒಂದು ಸಾಲು ಸೇರಿತು: ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್ ಇರಕೂಡದು. ಪಾನ್ ಮಸಾಲಾ ಕಾನೂನಿನ ಕಣ್ಣಿಗೆ ಆಹಾರ. ಆದ್ದರಿಂದ ತಂಬಾಕು ಬೆರೆತ ಪಾನ್ ಮಸಾಲಾ, ಅಂದರೆ ಗುಟ್ಕಾ, ಆಹಾರವಾಗಿ ಅಕ್ರಮ. ಈ ಸಾಲನ್ನು ಹಿಡಿದು 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಮೊದಲು ನಿಷೇಧ ಹೇರಿತು. ಕರ್ನಾಟಕ 2013ರ ಮೇ 31ರಂದು, ವಿಶ್ವ ತಂಬಾಕು ರಹಿತ ದಿನ ನೋಡಿಕೊಂಡು ಹೇರಿತು. ಮಲೆನಾಡಿನಲ್ಲಿ ಗದ್ದಲವೆದ್ದಿತು, ಅಡಿಕೆ ಮುಗಿಯಿತು ಎಂದರು. ಅಡಿಕೆ ಮುಗಿಯಲಿಲ್ಲ.

ಏಕೆ ಮುಗಿಯಲಿಲ್ಲ ಎಂಬುದನ್ನು ತಿಳಿಯಲು ಯಾವುದೇ ಬಸ್ ನಿಲ್ದಾಣದ ಗೂಡಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು. ಗಿರಾಕಿ ಬಾಯಿಬಿಟ್ಟು ಹೆಸರು ಹೇಳುವುದೂ ಇಲ್ಲ, ಎರಡು ಬೆರಳು ತೋರಿಸುತ್ತಾನೆ. ಅಂಗಡಿಯವನು ತೋರಣದಿಂದ ಒಂದು ದೊಡ್ಡ ಪೊಟ್ಟಣ ಹರಿದು, ಅದರ ಮೇಲೆ ಒಂದು ಚಿಕ್ಕದನ್ನು ಇಟ್ಟು ಕೊಡುತ್ತಾನೆ. ದೊಡ್ಡದು ತಂಬಾಕಿಲ್ಲದ ಪಾನ್ ಮಸಾಲಾ, ಚಿಕ್ಕದು ಬರೀ ತಂಬಾಕು. ಗಿರಾಕಿ ಎರಡರ ಮೂಲೆಯನ್ನೂ ಹಲ್ಲಿನಲ್ಲಿ ಕಚ್ಚಿ ಹರಿದು, ಚಿಕ್ಕದನ್ನು ದೊಡ್ಡದಕ್ಕೆ ಸುರಿದು, ಬಾಯಿ ಹಿಡಿದು ನಾಲ್ಕು ಸಲ ಕುಲುಕಿ, ಕತ್ತು ಹಿಂದಕ್ಕೆ ಎಸೆದು ಒಂದೇ ಬಾರಿಗೆ ಒಳಗೆ ಹಾಕಿಕೊಳ್ಳುತ್ತಾನೆ. ಕಾರ್ಖಾನೆ ಮಾಡುತ್ತಿದ್ದ ಬೆರಕೆಯನ್ನು ಈಗ ಅವನೇ ಮಾಡಿಕೊಳ್ಳುತ್ತಾನೆ. 2016ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಈ ಜೋಡಿ ಪೊಟ್ಟಣದ ತಂತ್ರವನ್ನು ಗಮನಿಸಿ, ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಜೋಡಿ ಈಗಲೂ ಜೋಡಿಯಾಗಿಯೇ ಇದೆ. ಟಿವಿಯಲ್ಲಿ ಸಿನಿಮಾ ನಟರು ಪಾನ್ ಮಸಾಲಾದ ಹೆಸರಿನಲ್ಲೇ ಏಲಕ್ಕಿ ಮಾರುತ್ತಿದ್ದಾರೆ.

ಹಾಗೆಂದು ಏನೂ ಆಗಲಿಲ್ಲ ಎನ್ನುವಂತಿಲ್ಲ. ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ 28.2 ಇದ್ದರು, 2016–17ಕ್ಕೆ ಶೇ 22.8ಕ್ಕೆ ಇಳಿದರು. ಆದರೆ ಈ ಲೆಕ್ಕದಲ್ಲಿ ಬರೀ ಪಾನ್ ಮಸಾಲಾ ಹಾಕುವವರು ಬರುವುದಿಲ್ಲ. ಇನ್ನೊಂದು ಲೆಕ್ಕ ಲ್ಯಾನ್ಸೆಟ್ ಆಂಕಾಲಜಿ 2024ರಲ್ಲಿ ಪ್ರಕಟಿಸಿದ್ದು: 2022ರಲ್ಲಿ ಜಗತ್ತಿನಾದ್ಯಂತ 3,89,800 ಮಂದಿಗೆ ಬಾಯಿ ಕ್ಯಾನ್ಸರ್ ಬಂತು. ಅದರಲ್ಲಿ 1,20,200 ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣ. ಈ 1,20,200ರಲ್ಲಿ 83,400 ಭಾರತದವು.

ಅಡಿಕೆ ಬೆಳೆಗಾರನನ್ನು ಕಟಕಟೆಗೆ ಹತ್ತಿಸಿ ಇದನ್ನು ಮುಗಿಸಲಾಗದು. ಅವನಿಗೆ ಬೇರೆ ಬೆಳೆಯ ದಾರಿ ತೋರಿಸದೆ ತೋಟ ಕಡಿ ಎನ್ನುವುದು ಪಟ್ಟಣದವರ ಮಾತು. ಆದರೆ ಅಡಿಕೆ ಔಷಧಿ, ತಂಬಾಕೊಂದೇ ವಿಷ ಎಂದು ಸಾಬೀತು ಮಾಡಲು ಹೊರಡುವ ಸಮಿತಿ, ಕಾರ್ಯಪಡೆಗಳಿಂದಲೂ ಬಾಯಿ ಬಿಗಿದ ಹುಡುಗನಿಗೆ ಉಪಕಾರವಿಲ್ಲ. ತಂಬಾಕಿನ ಚಿಕ್ಕ ಪೊಟ್ಟಣದ ಶೇ 85 ಭಾಗದಲ್ಲಿ ಕ್ಯಾನ್ಸರ್ ಚಿತ್ರವಿರಬೇಕು, ಚಟ ಬಿಡಲು ನೆರವಾಗುವ ಫೋನ್ ನಂಬರ್ ಇರಬೇಕು ಎಂಬ ನಿಯಮವಿದೆ. ಅದರ ಜೋಡಿಯಾದ ದೊಡ್ಡ ಪೊಟ್ಟಣಕ್ಕೆ ಈ ಯಾವ ನಿಯಮವೂ ಇಲ್ಲ, ಅದು ಆಹಾರ. ಹಾಗಾಗಿ ಆ ನಂಬರನ್ನು ಇಲ್ಲಿ ಕೊಡುತ್ತಿದ್ದೇನೆ: 1800-11-2356. ಕರೆಗೆ ದುಡ್ಡಿಲ್ಲ. ದಕ್ಷಿಣದ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಯಿಗೆ ಮೂರು ಬೆರಳು ಹಿಡಿಯದವರು ನಿಕೋಟಿನ್ ಗಮ್ ಜಗಿಯಲು ಕಷ್ಟಪಡುತ್ತಾರೆ, ಅವರಿಗೆ ಪ್ಯಾಚ್ ಇದೆ, ಮಾತ್ರೆಗಳೂ ಇವೆ. ಅವರು ಮೊದಲು ಹತ್ತಿರದ ದಂತವೈದ್ಯರಿಗೆ ಬಾಯಿ ತೋರಿಸಲಿ, ಈ ವಾರವೇ.